ಹೆಬ್ಬೆರಳಿನ ಸ್ವರ

ಮೊದಲನೆಯ ಒದೆ ಮೊಣಕಾಲಿನ ಹಿಂದೆ ಬಿತ್ತು, ಎರಡನೆಯದು ಸೊಂಟಕ್ಕೆ. ಅವಳು ಊಟದ ಮೇಜಿನ ಅಂಚು ಹಿಡಿದುಕೊಂಡಳು. ಮೇಜು ಅಲುಗಿ, ಸಭಾಂಗಣದವರು ಅವಳಿಗೆಂದು ಕಳಿಸಿದ್ದ ಕಾರ್ಯಕ್ರಮ ಪಟ್ಟಿಗಳ ಕಟ್ಟು ಕೆಳಗೆ ಬಿತ್ತು. ದಾರ ಬಿಚ್ಚಿಕೊಂಡು ಹಾಳೆಗಳು ಕುರ್ಚಿಗಳ ಕಾಲಿನವರೆಗೂ ಹರಡಿದವು.

"ಕೈ! ಕೈ ಜೋಪಾನ ಕಣೋ!" ಎಂದು ಅಡುಗೆಮನೆಯ ಬಾಗಿಲಿನಿಂದ ಅಮ್ಮ ಕೂಗಿದಳು.

ಕೂಗಿದ್ದು ಅಣ್ಣನಿಗೆ. ಅವನ ಕೈಗೂ ಏನೂ ಆಗಬಾರದು, ಇವಳ ಕೈಗೂ ಏನೂ ಆಗಬಾರದು. ಉಳಿದ ಮೈ ಬಗ್ಗೆ ಅಮ್ಮ ಏನೂ ಹೇಳಲಿಲ್ಲ.

ಆ ಮನೆಯಲ್ಲಿ ಯಾರೂ ಕೈಯಿಂದ ಹೊಡೆಯುತ್ತಿರಲಿಲ್ಲ. ಪಿಯಾನೊ ಪಾಠ ಹೇಳುತ್ತಿದ್ದ ಅಪ್ಪ ಮಾಡಿದ ಕಟ್ಟಳೆ ಅದು. ಕೈ ಇರುವುದು ಅನ್ನ ದುಡಿಯುವುದಕ್ಕೆ, ಅದನ್ನು ಯಾರದೋ ಬೆನ್ನಿನ ಮೇಲೆ ಹಾಳು ಮಾಡಿಕೊಳ್ಳಬಾರದು ಎನ್ನುತ್ತಿದ್ದ. ಸಿಟ್ಟು ಬಂದರೆ ಕಾಲಿದೆ, ಮೊಣಕೈಯಿದೆ. ಮಕ್ಕಳಿಬ್ಬರೂ ತಪ್ಪು ಸ್ವರಕ್ಕೊಂದು ಒದೆಯಂತೆ ತಿಂದು ಬೆಳೆದರು. ಅಣ್ಣ ನುಡಿಸುವುದನ್ನೂ ಒದೆಯುವುದನ್ನೂ ಅಪ್ಪನಿಂದಲೇ ಕಲಿತ. ಈಗ ಅವನಿಗೆ ಐವತ್ತು, ಅವಳಿಗೆ ನಲವತ್ತಾರು. ಅಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಕಟ್ಟಳೆ ಮಾತ್ರ ಗಟ್ಟಿಯಾಗಿತ್ತು.

"ಓದು," ಎಂದ ಅಣ್ಣ. ಒಂದು ಹಾಳೆಯನ್ನು ಶೂಸಿನ ತುದಿಯಿಂದ ಅವಳ ಕಡೆ ತಳ್ಳಿದ. "ಜೋರಾಗಿ ಓದು. ಅಮ್ಮಾನೂ ಕೇಳಲಿ, ಮಗಳು ಎಂಥಾ ದೊಡ್ಡ ಲೇಖಕಿ ಆಗಿದ್ದಾಳೆ ಅಂತ."

ಅವಳು ಓದಲಿಲ್ಲ. ಅದರಲ್ಲಿದ್ದುದು ಅವಳಿಗೆ ಬಾಯಿಪಾಠವಾಗಿತ್ತು. ಈ ಸಂಜೆ ಏಳಕ್ಕೆ, ಪಿಯಾನೊಗಾಗಿ ಮೂರು ಭಾಗದ ಸೊನಾಟಾ, ರಚನೆ ಮತ್ತು ವಾದನ ಎಂದಿದ್ದು ಅದರ ಕೆಳಗೆ ಅವಳ ಹೆಸರು. ನಲವತ್ತಾರು ವರ್ಷಕ್ಕೆ ಮೊದಲ ಸಲ ಅಚ್ಚಾದ ಹೆಸರು. ಅದಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು: 'ಎರಡನೆಯ ಭಾಗದಲ್ಲಿ ಬಿಡದೆ ಕೇಳುವ ಒಂದು ಸ್ವರವಿದೆ. ಅದು ಗಂಟೆಯಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಲೆಗೆ ಏಟು ಬಿದ್ದಂದಿನಿಂದ ನನ್ನ ಎಡಗಿವಿಯಲ್ಲಿರುವ ಸದ್ದು.'

ಅಂದು ಅಪ್ಪ ಅವಳು ಕೂತಿದ್ದ ಸ್ಟೂಲನ್ನು ಒದ್ದಿದ್ದ. ತಲೆ ಪಿಯಾನೊದ ಮೂಲೆಗೆ ಬಡಿದು ಎಡಗಿವಿ ಹೋಯಿತು. ಹೋದ ಕಿವಿಯಲ್ಲಿ ಒಂದು ಸ್ವರ ಉಳಿಯಿತು. ಪಿಯಾನೊದ ನಡುವಿನ ಒಂದು ಕಪ್ಪು ಕೀ ಒತ್ತಿದರೆ ಬರುವ ಸ್ವರ. ಉಣ್ಣುವಾಗಲೂ ಮಲಗುವಾಗಲೂ ಅದೇ. ಹತ್ತೊಂಬತ್ತಕ್ಕೆ ಅವಳು ಅದರ ಸುತ್ತ ಒಂದು ನಿಧಾನದ ಕೃತಿ ಬರೆದಳು. ಬಲಗೈಯ ಹೆಬ್ಬೆರಳು ಆ ಒಂದೇ ಕೀಯನ್ನು ಬಡಿಯುತ್ತಿರಬೇಕು, ಉಳಿದ ಬೆರಳುಗಳು ಅದರ ಮೇಲೆ ಹಾಡಬೇಕು. ಅಪ್ಪ ನೋಡಿ, "ಚೆನ್ನಾಗಿದೆ. ಅಣ್ಣ ನುಡಿಸ್ತಾನೆ. ಮನೇಲಿ ಒಂದು ಹೆಸರು ಸಾಕು" ಎಂದ. ಅಣ್ಣ ನುಡಿಸಿದ, ತನ್ನದೇ ಎಂದ, ಅದನ್ನು ಹಿಡಿದು ಊರೂರು ಸುತ್ತಿದ. ಜನ ಆ ಕೃತಿಯನ್ನು 'ಗಂಟೆ' ಎಂದೇ ಕರೆದರು. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಯ ಶಾಲೆಯಲ್ಲಿ ಹೊಡೆಯುತ್ತಿದ್ದ ಗಂಟೆಯ ನೆನಪು ಎಂದು ಅವನು ಪತ್ರಿಕೆಯವರಿಗೆ ಹೇಳಿದ. ಆ ಬೀದಿಯಲ್ಲಿ ಶಾಲೆಯೇ ಇರಲಿಲ್ಲ.

ಆಮೇಲೆ ಇನ್ನೂ ಹತ್ತು ಕೃತಿಗಳು ಹಾಗೆಯೇ ಹೋದವು. ಮನೆಯ ಪಿಯಾನೊ ಇಡೀ ದಿನ ಅಣ್ಣನ ಅಭ್ಯಾಸಕ್ಕೆ. ಅವಳು ಬೆಳಿಗ್ಗೆ ನೃತ್ಯಶಾಲೆಯಲ್ಲಿ ಹುಡುಗಿಯರ ಕುಣಿತಕ್ಕೆ ಪಿಯಾನೊ ಬಾರಿಸಿ ಬಂದು, ಮಧ್ಯಾಹ್ನ ಅಡುಗೆಮನೆಯ ಮೇಜಿನಲ್ಲಿ ತರಕಾರಿ ಹೆಚ್ಚಿದ ಜಾಗ ಒರೆಸಿ, ಸ್ವರ ಬರೆಯುವ ಐದು ಗೆರೆಯ ಕಾಗದ ಹರಡಿಕೊಂಡು ಬರೆಯುತ್ತಿದ್ದಳು. ಮೇಜಿನ ಹಲಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ಬರೆದದ್ದು ಹೇಗೆ ಕೇಳುತ್ತದೆ ಎಂಬುದು ಗೊತ್ತಾಗುತ್ತಿದ್ದುದು ಗೋಡೆಯಾಚೆ ಅಣ್ಣ ನುಡಿಸಿದಾಗಲೇ.

ಈ ಸೊನಾಟಾ ಒಂದನ್ನು ಅವಳು ಯಾರಿಗೂ ತೋರಿಸದೆ ಬರೆದಿದ್ದಳು. ಅದರ ಎರಡನೆಯ ಭಾಗಕ್ಕೆ ಆ 'ಗಂಟೆ'ಯ ಸ್ವರವನ್ನೂ ರಾಗವನ್ನೂ ಮರಳಿ ತಂದಿದ್ದಳು. ನೃತ್ಯಶಾಲೆಯ ಬಿಡುವಿನಲ್ಲಿ ಅದನ್ನು ನುಡಿಸುತ್ತಿದ್ದಾಗ, ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಸಭಾಂಗಣದ ಕಾರ್ಯದರ್ಶಿ ಮೇಡಂ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ್ದರು. ಒಂದು ಸಂಜೆ ನಿಮ್ಮದು ಎಂದಿದ್ದರು. "ನುಡಿಸ್ಕೋ ಹೋಗು, ಐವತ್ತು ಜನ ಬಂದ್ರೆ ಹೆಚ್ಚು" ಎಂದು ಅಣ್ಣ ನಕ್ಕಿದ್ದ. ನಗುನಗುತ್ತಲೇ ಮೂರನೆಯ ಸಾಲಿನಲ್ಲಿ ತನಗೂ ಅಮ್ಮನಿಗೂ ಜಾಗ ಹೇಳಿಟ್ಟಿದ್ದ.

"ಈಗ ಹನ್ನೊಂದು ಗಂಟೆ," ಎಂದ ಅವನು. "ಫೋನ್ ಮಾಡಿ ಹೇಳು. ಅಲ್ಲಿರೋ ಹಾಳೆಗಳನ್ನೆಲ್ಲ ಸುಟ್ಟು, ಆ ಮೂರು ಸಾಲು ತೆಗೆದು ಬೇರೆ ಅಚ್ಚು ಹಾಕಿಸಲಿ."

"ಇಲ್ಲ."

"ಏನಂದೆ?"

"ತೆಗೆಸಲ್ಲ ಅಂದೆ, ಅಣ್ಣ."

"ಪುಟ್ಟೀ, ಹೇಳಿದ ಹಾಗೆ ಕೇಳೇ," ಎಂದಳು ಅಮ್ಮ. "ಮೂರು ಸಾಲಿಗೆ ಯಾಕಿಷ್ಟು ರಂಪ? ಸತ್ತೋರ ಮೇಲೆ ಕೆಸರು ಎರಚಬೇಡ."

"ಸತ್ತೋರ ಹೆಸರು ಅದರಲ್ಲಿ ಇಲ್ಲಮ್ಮ."

"ನನ್ನ ಹೆಸರಿದೆ!" ಎಂದು ಅಣ್ಣ ಕಿರುಚಿದ. "ಬರೀದೇನೇ ಬರೆದಿದ್ದೀಯ. ಅದನ್ನ ಓದಿದೋನು ಮೊದಲು ನನ್ನ ಮುಖ ನೋಡ್ತಾನೆ. ಇಪ್ಪತ್ತೇಳು ವರ್ಷ ಜನರ ಮುಂದೆ ಕೂತು ಬೆವರು ಸುರಿಸಿದೋನು ನಾನು. ನೀನು ಈರುಳ್ಳಿ ಹೆಚ್ಚುತ್ತಾ ಗೀಚಿದ್ದಕ್ಕೆ ಉಸಿರು ಕೊಟ್ಟೋನು ನಾನು. ಬರೆದುಬಿಟ್ರೆ ಆಗೋಯ್ತಾ? ಕಾಗದ ಯಾರಿಗಾದ್ರೂ ಕೇಳುತ್ತೇನೇ?"

ಅದರಲ್ಲಿ ಸ್ವಲ್ಪ ನಿಜವಿತ್ತು. ಅವನು ಚೆನ್ನಾಗಿ ನುಡಿಸುತ್ತಿದ್ದ. ಗೋಡೆಯಾಚೆ ಕೂತು ಎಷ್ಟೋ ಸಲ ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ಮೂರನೆಯ ಒದೆ ಹೊಟ್ಟೆಗೆ ಬಿತ್ತು.

ಅವಳು ಹಾಳೆಗಳ ಮೇಲೆ ಕುಸಿದು ಕೂತಳು. ಉಸಿರು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ಅಣ್ಣ ಅವಳನ್ನು ಬಿಟ್ಟು ಹಾಳೆಗಳ ಕಡೆ ತಿರುಗಿದ. ಒಂದೊಂದನ್ನೇ ಹಿಮ್ಮಡಿಯ ಕೆಳಗೆ ಹಾಕಿಕೊಂಡು, ಸಿಗರೇಟು ಆರಿಸುವವನಂತೆ ತಿರುವಿ ತಿರುವಿ ಹರಿಯತೊಡಗಿದ. ಅವಳ ಹೆಸರು ಚಪ್ಪಟೆಯಾಗಿ, ಸುಕ್ಕಾಗಿ, ನೆಲದ ಕಲ್ಲಿಗೆ ಅಂಟಿಕೊಂಡಿತು.

ಅವಳು ಎದ್ದಳು. ಬಲಗೈ ತಾನಾಗಿ ಮುಚ್ಚಿಕೊಂಡಿತು. ಹುಟ್ಟಿದಾಗಿನಿಂದ ಗುದ್ದಿ ಗೊತ್ತಿಲ್ಲದ ಕೈ ಅದು. ಮಲಗಿದ ಕೂಸಿನ ಹಾಗೆ ಹೆಬ್ಬೆರಳನ್ನು ಒಳಗೆ ಮಡಚಿಕೊಂಡಿತ್ತು. ಅದನ್ನೇ ಅಣ್ಣನ ಬಾಯಿಗೆ ಬೀಸಿದಳು. ನಲವತ್ತು ವರ್ಷ ಪಿಯಾನೊ ಬಾರಿಸಿ ದುಡಿದ ಭುಜವೂ ತೋಳೂ ಅದರ ಹಿಂದಿದ್ದವು. ಟಕ್ ಎಂದಿತು. ಅಣ್ಣ ಗೋಡೆಗೆ ಹೋಗಿ ಬಡಿದ. ಹಲ್ಲು ತುಟಿಯೊಳಗೆ ಹೊಕ್ಕು ಗದ್ದದಿಂದ ಅಂಗಿಯ ಮೇಲೆ ರಕ್ತ ಇಳಿಯಿತು. ಆದರೆ ಟಕ್ ಎಂದದ್ದು ಅವನ ಹಲ್ಲಲ್ಲ.

"ಅಯ್ಯೋ, ಕೈಯಿಂದ ಹೊಡೆದುಬಿಟ್ಳಲ್ಲೋ!" ಎಂದಳು ಅಮ್ಮ. ರಕ್ತಕ್ಕಿಂತ ಅದೇ ಅವಳನ್ನು ಹೆದರಿಸಿದಂತಿತ್ತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಒಬ್ಬ ದಪ್ಪ ನರ್ಸ್ ಅವಳ ಕೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಬುಡ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು.

"ಯಾರಿಗೆ ಕೊಟ್ರಿ?"

"ಬಿದ್ದೆ," ಎಂದಳು ಅವಳು.

"ಬಿದ್ದೋರ ಕೈ ಹೀಗಿರಲ್ಲಕ್ಕ. ಇಲ್ಲಿ ಹದಿನೆಂಟು ವರ್ಷದಿಂದ ಇದ್ದೀನಿ. ಯಾರಿಗೆ ಕೊಟ್ರಿ?"

"ಅಣ್ಣನಿಗೆ."

"ಸರಿಯಾಗಿ ಬಿತ್ತಾ?"

"ಹಲ್ಲು ತುಟಿಗೆ ಹೊಕ್ಕಿದೆ."

"ಹಾಗಾದ್ರೆ ಪರವಾಗಿಲ್ಲ, ದಂಡ ಆಗಿಲ್ಲ." ನರ್ಸ್ ತನ್ನ ಕೈಯನ್ನು ಮುಷ್ಟಿ ಕಟ್ಟಿ ತೋರಿಸಿದಳು. "ನೋಡಿ, ಹೆಬ್ಬೆರಳು ಹೊರಗಿರಬೇಕು. ಹೀಗೆ, ಬೆರಳುಗಳ ಮೇಲೆ ಅಡ್ಡ. ಒಳಗಿಟ್ಟು ಗುದ್ದಿದ್ರೆ ಮುರಿಯೋದು ನಮ್ಮದೇ. ಬೀದೀಲಿ ಆಡೋ ಮಕ್ಕಳಿಗೂ ಗೊತ್ತಿರುತ್ತೆ. ನಿಮಗೆ ಮನೇಲಿ ಯಾರೂ ಹೇಳಿಕೊಡಲಿಲ್ವಾ?"

"ನಮ್ಮನೇಲಿ ಕೈಯಿಂದ ಹೊಡೆಯಲ್ಲ," ಎಂದಳು ಅವಳು. ಹೇಳಿದ ಮೇಲೆ ಅದು ಒಳ್ಳೆಯ ಮನೆಯವರ ಮಾತಿನ ಹಾಗೆ ಕೇಳಿತು.

ಡಾಕ್ಟರು ಮೂಳೆ ಕೂಡಿಸುವಾಗ ಅವಳು ಕಿರುಚಿದ್ದು ಹೊರಗಿನ ಬೆಂಚುಗಳವರೆಗೂ ಕೇಳಿತು. ಮಣಿಕಟ್ಟಿನಿಂದ ಹೆಬ್ಬೆರಳಿನ ತುದಿಯವರೆಗೆ ಪ್ಲಾಸ್ಟರ್ ಸುತ್ತಿದರು. ಉಳಿದ ನಾಲ್ಕು ಬೆರಳುಗಳು ಹೊರಗೆ ಉಳಿದವು. ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ಪ್ಲಾಸ್ಟರ್ ಪೂರ್ತಿ ಒಣಗಲು ನಾಳೆಯಾಗುತ್ತದೆ, ಯಾವುದಕ್ಕೂ ತಾಗಿಸಬಾರದು, ಆರು ವಾರ ಯಾವ ಕೆಲಸವೂ ಬೇಡ ಎಂದರು. ಅವಳು ಹೂಂ ಎನ್ನುತ್ತಿರುವಾಗ ಚೀಲದೊಳಗೆ ಫೋನು ಬಡಿದುಕೊಂಡಿತು.

"ಹೇಗಿದ್ದೀರಮ್ಮ?" ಎಂದರು ಸಭಾಂಗಣದ ಕಾರ್ಯದರ್ಶಿ. "ಮೆಟ್ಟಿಲಲ್ಲಿ ಜಾರಿ ಇಬ್ಬರೂ ಬಿದ್ರಂತೆ. ನಿಮ್ಮಣ್ಣ ಇಲ್ಲೇ ಇದ್ದಾರೆ. ನಿಮ್ಮ ಬದಲು ತಾವೇ ನುಡಿಸ್ತೀನಿ ಅಂತ ನಿಮ್ಮ ಕೃತಿಯ ಹಾಳೆಗಳನ್ನೂ ತಂದಿದ್ದಾರೆ. ಆದರೆ ಕಾರ್ಯಕ್ರಮ ಪಟ್ಟಿ ಹಂಚೋದು ಬೇಡ ಅಂತಾರೆ. ತಾನೇ ವೇದಿಕೆ ಮೇಲೆ ಎರಡು ಮಾತು ಹೇಳಿಬಿಡ್ತೀನಿ, ಸಾಕು ಅಂತಾರೆ. ಏನು ಮಾಡಲಿ ಹೇಳಿ?"

ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ತಂಗಿಗೆ ಹುಷಾರಿಲ್ಲ ಎನ್ನುತ್ತಾನೆ. ಆಮೇಲೆ ಎಲ್ಲರಿಗೂ ಗೊತ್ತಿರುವ ಆ ಸ್ವರವನ್ನು ತನ್ನ ಹೆಬ್ಬೆರಳಿನಿಂದ, ಎಲ್ಲರಿಗೂ ಗೊತ್ತಿರುವ ಹಾಗೆ ಬಾರಿಸುತ್ತಾನೆ. ಸೊನಾಟಾ ಅಲ್ಲಿಗೆ ಅವನದಾಗುತ್ತದೆ. ಯಾರೂ ಕೇಳುವುದೂ ಇಲ್ಲ, ಕೇಳಿದರೂ ತೋರಿಸಲು ಹಾಳೆಯಿರುವುದಿಲ್ಲ.

"ಬರ್ತಿದ್ದೀನಿ," ಎಂದಳು.

ಸಭಾಂಗಣ ಖಾಲಿಯಿತ್ತು. ಪಿಯಾನೊದ ತಂತಿ ಬಿಗಿಯುವ ಮುದುಕ, ಎಲ್ಲರೂ ಶ್ರುತಿ ತಾತ ಎಂದು ಕರೆಯುವವನು, ವೇದಿಕೆಯ ಅಂಚಿನಲ್ಲಿ ಸಾಮಾನಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಮುಖ ಗಂಟಿಕ್ಕಿ ಕೂತಿದ್ದ. "ನಂದು ಇನ್ನೂ ಹನ್ನೆರಡು ತಂತಿ ಬಾಕಿ ಇತ್ತಮ್ಮ," ಎಂದ ಅವಳನ್ನು ಕಂಡು. "ನಿಮ್ಮಣ್ಣ ಬಂದು ನನ್ನ ಮಡಿಲಲ್ಲೇ ಕೂರೋ ಹಾಗೆ ಕೂತುಬಿಟ್ರು."

ಅಣ್ಣ ನುಡಿಸುತ್ತಿದ್ದ. ಯಾವ ಹಾಳೆ ಕೊಟ್ಟರೂ ನೋಡುತ್ತಲೇ ನುಡಿಸಬಲ್ಲವನು. ತುಟಿಯ ಮೇಲೆ ಎರಡು ಹೊಲಿಗೆ ಬಿದ್ದು ಬಾಯಿ ಒಂದು ಕಡೆ ಎಳೆದಿತ್ತು. ಕೈಗಳು ಮಾತ್ರ ತಣ್ಣಗೆ, ಚೊಕ್ಕಟವಾಗಿ ಓಡುತ್ತಿದ್ದವು. ಅವಳು ಬರೆದು, ಅಣ್ಣನ ಕಿವಿಗೆ ಬೀಳದಂತೆ ಕಾಪಾಡಿದ್ದು ಆ ಖಾಲಿ ಕುರ್ಚಿಗಳ ಮೇಲೆ ಹರಿಯುತ್ತಿತ್ತು. ಚೆನ್ನಾಗಿತ್ತು. ಅವಳ ಹೊಟ್ಟೆಯೊಳಗೆ ಒದೆ ಬಿದ್ದ ಜಾಗ ಮತ್ತೆ ನೋಯಿತು.

ಕಾರ್ಯದರ್ಶಿ ಕನ್ನಡಕವನ್ನು ಎದೆಯ ಮೇಲೆ ಬಿಟ್ಟುಕೊಂಡು ಅವಳ ಪ್ಲಾಸ್ಟರ್ ನೋಡಿದರು, ಅಣ್ಣನ ತುಟಿ ನೋಡಿದರು. ಮೆಟ್ಟಿಲಿನ ಕತೆ ಅವರಿಗೆ ಅಲ್ಲಿಗೆ ಮುಗಿದಂತಿತ್ತು. "ನಂಗೆ ಏಳು ಗಂಟೆಗೆ ಇಲ್ಲಿ ಒಬ್ಬರು ಕೂತಿರಬೇಕು," ಎಂದರು. "ಇನ್ನೂರೈವತ್ತು ಟಿಕೆಟ್ ಹೋಗಿವೆ. ಯಾರು ಕೂರ್ತೀರಿ, ನೀವೇ ಹೇಳಿ."

"ನಾನು," ಎಂದಳು ಅವಳು.

"ಹೇಗೇ ಪುಟ್ಟಿ?" ಅಣ್ಣ ನುಡಿಸುವುದನ್ನು ನಿಲ್ಲಿಸದೆಯೇ ಕೇಳಿದ. ಹೊಲಿಗೆಯಿಂದಾಗಿ ಮಾತು ತೊದಲುತ್ತಿತ್ತು. ಎರಡನೆಯ ಭಾಗಕ್ಕೆ ಬಂದಿದ್ದ. "ಇದು ಪೂರ್ತಿ ಹೆಬ್ಬೆರಳಿಂದು. ನೀನೇ ಬರೆದಿದ್ದೀಯಲ್ಲ. ಹೆಬ್ಬೆರಳೇ ಇಲ್ಲ ನಿಂಗೆ. ಮೇಡಂ, ಇವಳಿಗೆ ನೋವಿನ ಔಷಧಿ ತಲೆಗೆ ಏರಿದೆ. ಮನೆಗೆ ಕಳಿಸಿ. ಹಾಳು ಮಾಡಿಕೊಳ್ತಾಳೆ, ಪಾಪ. ನಾನಿದ್ದೀನಲ್ಲ."

ಅವನ ಬಲಗೈಯ ಹೆಬ್ಬೆರಳು ಕಪ್ಪು ಕೀಯ ಮೇಲೆ ಮೆತ್ತಗೆ ಬೀಳುತ್ತಿತ್ತು. ದೂರದ ಗಂಟೆಯ ಹಾಗೆಯೇ ಕೇಳುತ್ತಿತ್ತು.

ಅವಳು ಪಿಯಾನೊದ ಪಕ್ಕಕ್ಕೆ ಹೋದಳು. ತೋಳೆತ್ತಿ, ಪ್ಲಾಸ್ಟರಿನ ಅಂಚನ್ನು ಅವನ ಎರಡು ಕೈಗಳ ನಡುವೆ ಕುಕ್ಕಿದಳು.

ಪಿಯಾನೊ ಬೊಬ್ಬೆ ಹೊಡೆಯಿತು. ಅಣ್ಣ ಬೆಂಕಿ ತಾಗಿದವನಂತೆ ಕೈಗಳನ್ನು ಸೆಳೆದು, ಎರಡನ್ನೂ ಕಂಕುಳಲ್ಲಿ ಅವುಚಿಕೊಂಡು, ಸ್ಟೂಲಿನಿಂದ ಹಿಂದಕ್ಕೆ ಜಾರಿ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಭಯವಿತ್ತು. ಅವಳು ಮತ್ತೊಂದು ಸಲ ತೋಳೆತ್ತಿದಳು. ಅವನು ಇನ್ನೂ ಎರಡು ಹೆಜ್ಜೆ ಹಿಂದೆ ಹೋದ.

ಖಾಲಿಯಾದ ಸ್ಟೂಲಿನ ಮೇಲೆ ಅವಳು ಕೂತಳು. "ಪಟ್ಟಿ ಹಂಚಿ, ಮೇಡಂ," ಎಂದಳು. "ತಾತ, ಆ ಹನ್ನೆರಡು ತಂತಿ ಮುಗಿಸಿಬಿಡಿ. ಆಮೇಲೆ ನಂಗೊಂದು ಪೆನ್ಸಿಲ್ ಬೇಕು."

ಏಳರವರೆಗೆ ಅವಳು ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂತು ಎಡಗೈಯಿಂದ ಸ್ವರಗಳನ್ನು ಹೊಡೆದುಹಾಕಿದಳು. ಒಂಬತ್ತು ಬೆರಳಿಗೆ ಸಿಗದ್ದನ್ನೆಲ್ಲ ಬಿಟ್ಟಳು. ವಾರಗಟ್ಟಲೆ ಕೂತು ಬರೆದ ಸಾಲುಗಳು ಒಂದೊಂದು ಗೀರಿಗೆ ಹೋದವು. ಕೆಲವನ್ನು ಹೊಡೆಯುವಾಗ ಪೆನ್ಸಿಲ್ ಕಾಗದ ಹರಿದು ಮೇಜಿಗೆ ನಾಟಿತು. ಎರಡನೆಯ ಭಾಗದ ಆ ಸ್ವರವನ್ನು ಮಾತ್ರ ಮುಟ್ಟಲಿಲ್ಲ. ಇನ್ನೂರ ಹದಿನಾರು ಸಲ ಬರೆದಿದ್ದಳು. ಇನ್ನೂರ ಹದಿನಾರೂ ಉಳಿದವು.

ಜನ ತುಂಬಿದ್ದರು. ಪಿಯಾನೊಗೆ ಕೂತಾಗ ಅವಳ ಬಲಮಗ್ಗುಲು ಜನರ ಕಡೆಗಿತ್ತು, ಕೇಳುವ ಕಿವಿಯೂ ಅದೇ ಕಡೆಗೆ. ಕುರ್ಚಿಗಳ ಕಿರುಗುಟ್ಟು, ಕೆಮ್ಮು, ಕೈಯ ಪ್ಲಾಸ್ಟರ್ ಕಂಡು ಎದ್ದ ಗುಸುಗುಸು ಎಲ್ಲವೂ ಕೇಳಿತು. ಮೊದಲ ಭಾಗ ಒರಟಾಗಿ ಹೋಯಿತು. ಎರಡು ಕಡೆ ತಪ್ಪಿದಳು, ಒಂದು ಕಡೆ ನಿಂತೇಹೋದಳು. ಎಡಗೈ ಬಲಗೈಯ ಮೇಲೆ ಹಾರಿ ಹಾರಿ ಕೆಲಸ ಮಾಡಬೇಕಾಗಿ ಬಂದು ಭುಜ ಉರಿಯಿತು. ಭಾಗ ಮುಗಿಯುವ ಹೊತ್ತಿಗೆ ಇಂಜೆಕ್ಷನ್ನಿನ ಮಂಪರು ಇಳಿದಿತ್ತು.

ಎರಡನೆಯ ಭಾಗವನ್ನು ಅವಳು ಪ್ಲಾಸ್ಟರಿನ ಅಂಚಿನಿಂದ ಶುರು ಮಾಡಿದಳು. ಅದು ಅಣ್ಣನ ಸ್ವರದ ಹಾಗೆ ಕೇಳಲಿಲ್ಲ. ಮೆತ್ತಗಿರಲಿಲ್ಲ, ದೂರದ್ದಾಗಿರಲಿಲ್ಲ. ಮುಚ್ಚಿದ ಬಾಗಿಲಿಗೆ ಯಾರೋ ಒದೆಯುತ್ತಿರುವ ಹಾಗೆ ಕೇಳಿತು. ಪ್ರತಿ ಏಟಿಗೂ ಮುರಿದ ಮೂಳೆ ಮೊಣಕೈವರೆಗೆ ಕಿರುಚಿತು. ಅದರ ಮೇಲೆ ನಾಲ್ಕು ಬೆರಳುಗಳು, ಇಪ್ಪತ್ತೇಳು ವರ್ಷ ಎಲ್ಲರೂ ಗುನುಗಿದ ಆ ರಾಗವನ್ನು ಎತ್ತಿಕೊಂಡವು. ನಾಲ್ಕು ಸ್ವರ ಆಗುವಷ್ಟರಲ್ಲಿ ಜನರಿಗೆ ಗುರುತು ಹತ್ತಿತು. ಮೊದಲು ಒಂದು ಕಡೆ, ಆಮೇಲೆ ಸಾಲುಸಾಲಾಗಿ, ಮಡಚಿಟ್ಟ ಹಾಳೆಗಳು ಬಿಚ್ಚಿಕೊಳ್ಳುವ ಸರಸರ ಸದ್ದು ಕೇಳಿಸಿತು. ಓದುತ್ತಿದ್ದಾರೆ. ಓದಿ ಮುಗಿಸಿದವರ ಕುರ್ಚಿಗಳು ತಿರುಗಿದವು, ಎಲ್ಲವೂ ಒಂದೇ ಕಡೆಗೆ.

ಅವಳು ಹೊಡೆಯುತ್ತಲೇ ಇದ್ದಳು. ಬೆವರು ಕಣ್ಣಿಗಿಳಿಯಿತು. ನೂರರ ಹತ್ತಿರ ಎಲ್ಲೋ, ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಹಿಂದಕ್ಕೆ ಬಿತ್ತು. "ಅಮ್ಮಾ, ಏಳು" ಎಂಬ ಪಿಸುಮಾತು, ಮತ್ತೆ ಇನ್ನೂ ಗಟ್ಟಿಯಾಗಿ, "ಏಳಮ್ಮಾ." ಆಮೇಲೆ ಕಾಲು ತುಳಿಸಿಕೊಂಡ ಯಾರೋ "ಅಪ್ಪಾ!" ಎಂದದ್ದು, ಶೂಸಿನ ಸದ್ದು ನಡುವಿನ ದಾರಿಗುಂಟ ಹಿಂದೆ ಹಿಂದೆ ಹೋದದ್ದು, ದೊಡ್ಡ ಬಾಗಿಲು ತೆರೆದು ಮುಚ್ಚಿದ್ದು. ಎಷ್ಟು ಜೊತೆ ಕಾಲು ಹೋದವು ಎಂದು ಎಣಿಸಲು ಅವಳಿಗೆ ಬಿಡುವಿರಲಿಲ್ಲ. ಇನ್ನೂರ ಹದಿನಾರನೆಯದನ್ನು ಹೊಡೆದು, ತೋಳನ್ನು ಮಡಿಲಿಗೆ ತಂದುಕೊಂಡು, ಮೂರನೆಯ ಭಾಗಕ್ಕೆ ಎಡಗೈ ಎತ್ತಿದಳು.

ಎಲ್ಲ ಮುಗಿದು, ಜನ ಹೋಗಿ, ಕಾರ್ಯದರ್ಶಿ ನೀರು ಕುಡಿಸಿ, ಪತ್ರಿಕೆಯ ಇಬ್ಬರು ಬಂದು ಪ್ರಶ್ನೆ ಕೇಳಿ ಹೋದ ಮೇಲೆ ಅವಳು ಚೀಲ ತರಲು ವೇದಿಕೆಗೆ ಬಂದಳು. ದೀಪಗಳಲ್ಲಿ ಒಂದೇ ಒಂದು ಉರಿಯುತ್ತಿತ್ತು. ಶ್ರುತಿ ತಾತ ಬಟ್ಟೆ ಹಿಡಿದು ಪಿಯಾನೊದ ಮುಂದೆ ಬಗ್ಗಿದ್ದ.

"ಆ ಒಂದು ಕೀಯ ಮೂರೂ ತಂತಿ ಶ್ರುತಿ ಇಳಿಸಿಬಿಟ್ರಿ," ಎಂದ ತಲೆಯೆತ್ತದೆ. "ನಾಳೆ ನಂಗೆ ಕೆಲಸ ಹಚ್ಚಿದ್ರಿ."

"ತಪ್ಪಾಯ್ತು ತಾತ."

"ಇರಲಿ ಬಿಡಿ. ಇಳಿಸೋಕೂ ತಾಕತ್ತು ಬೇಕು." ಬಟ್ಟೆಯನ್ನು ಕೊಡವಿ ಮಡಚಿಕೊಂಡ. "ನಾನು ಪರದೆ ಪಕ್ಕದಲ್ಲೇ ನಿಂತಿದ್ದೆ. ನಿಮ್ಮಮ್ಮ ಏಳಲಿಲ್ಲಮ್ಮ. ನಿಮ್ಮಣ್ಣ ಕರೀತಾನೇ ಇದ್ರು. ಇವರು ಮೊಣಕಾಲು ಒಂದು ಕಡೆ ಸರಿಸಿ ದಾರಿ ಬಿಟ್ರು, ಅಷ್ಟೆ."

"ಈಗೆಲ್ಲಿದ್ದಾಳೆ?"

"ಹೊರಗಡೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಳಗೆ ಬನ್ನಿ ಅಂದೆ. ನಾನು ಇಲ್ಲೇ ಇರ್ತೀನಿ, ಅವಳು ಬರಲಿ ಅಂದ್ರು."

ಅವಳು ತಕ್ಷಣ ಹೋಗಲಿಲ್ಲ. ಕೈ ಎದೆಗೊತ್ತಿಕೊಂಡು ನಿಂತಳು. ಹಸಿ ಪ್ಲಾಸ್ಟರಿನ ಅಂಚು ಕಿತ್ತು ಹೋಗಿ ಒಳಗಿನ ಬಟ್ಟೆ ಕಾಣುತ್ತಿತ್ತು. ತಾತ ಒಂದು ಬದಿಯಿಂದ ಒರೆಸುತ್ತಾ ಬಂದ. ಬಿಳಿ ಕೀಗಳ ಮೇಲೆ ಬಿದ್ದ ಪುಡಿ ಕಣ್ಣಿಗೆ ಕಾಣುತ್ತಿರಲಿಲ್ಲ. ಕಪ್ಪು ಕೀಗಳು ಶುಭ್ರವಾಗಿದ್ದವು, ನಡುವಿನ ಒಂದನ್ನು ಬಿಟ್ಟು. ಅದರ ಮೇಲೆ ಬಿಳಿ ಗಟ್ಟಿಯಾಗಿ ಮೆತ್ತಿಕೊಂಡು ಕಪ್ಪೇ ಮುಚ್ಚಿಹೋಗಿತ್ತು. ಅವನು ಬಟ್ಟೆಯ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಸದ್ದಾಗದಂತೆ ಆ ಕೀಯನ್ನು ಮೆಲ್ಲಗೆ ಕೊನೆಯವರೆಗೂ ಒತ್ತಿ ಹಿಡಿದು, ಉಜ್ಜತೊಡಗಿದ.